ವಾಯುನೆಲೆಯ ಗೇಟಿನಲ್ಲಿ ನಲವತ್ತು ಗುಳ್ಳ

ಮಟ್ಟುವಿನಿಂದ ಇಂದ್ರಾಳಿ ರೈಲು ನಿಲ್ದಾಣಕ್ಕೆ ರಿಕ್ಷಾದವನು ನಾನೂರು ರೂಪಾಯಿ ತೆಗೆದುಕೊಂಡ. ಇಬ್ಬರು ಮನುಷ್ಯರು, ಎರಡು ಸೂಟ್‌ಕೇಸು, ಒಂದು ಗೋಣಿಚೀಲ. ಚೀಲದಲ್ಲಿ ಬೈಹುಲ್ಲಿನ ನಡುವೆ ನಮ್ಮದೇ ಗದ್ದೆಯ ನಲವತ್ತು ಗುಳ್ಳ, ಮಟ್ಟುವಿಗೆ ಹೆಸರು ತಂದ ಗುಂಡನೆಯ ಹಸಿರು ಕಾಯಿ. ನಮ್ಮವರು ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡರು. ನನ್ನನ್ನು ಕೈಹಿಡಿದು ಹತ್ತಿಸಬೇಕೆಂದು ಮಾತ್ರ ಅವರಿಗೆ ನೆನಪಾಗಲಿಲ್ಲ.

ನಾವು ಹೊರಟದ್ದು ಪಂಜಾಬಿನ ಗಡಿಯ ಹತ್ತಿರದ ಒಂದು ವಾಯುನೆಲೆಗೆ. ಅಳಿಯ ಪ್ರದೀಪ ಕಾರ್ಕಳದವನು, ಅಲ್ಲಿ ವಿಮಾನಗಳ ಎಂಜಿನ್ ನೋಡಿಕೊಳ್ಳುತ್ತಾನೆ. ಮಗಳು ಸುಪ್ರೀತಾ ಐದು ತಿಂಗಳ ಬಸುರಿ. ತಿಂದದ್ದು ಏನೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ತೂಕ ಇಳಿಯುತ್ತಲೇ ಇತ್ತು. ಮಣಿಪಾಲದಲ್ಲಿ ನಾನು ಕೇಳಿದ ಡಾಕ್ಟರು, "ಮನಸ್ಸಿಗೆ ಬೇಕಾದ್ದನ್ನು ಕೊಟ್ಟು ನೋಡಿ" ಎಂದರು. ಅವಳ ಮನಸ್ಸಿಗೆ ಬೇಕಾದ್ದು ಗುಳ್ಳದ ಸಾಂಬಾರು. ಫೋನಿನಲ್ಲಿ ಅವಳು ಅದನ್ನು ಕೇಳಿದ ದಿನವೇ ನಾನು ಟಿಕೆಟು ಮಾಡಿಸಿದ್ದೆ.

ರೈಲಿನಲ್ಲಿ ಎರಡು ರಾತ್ರಿ. ರತ್ನಾಗಿರಿಯ ಹತ್ತಿರ ಎದುರು ಸೀಟಿನ ಮರಾಠಿ ಹೆಂಗಸು ಚೀಲದೊಳಗೆ ಇಣುಕಿ, "ವಾಂಗೀ?" ಎಂದು ಕೇಳಿದಳು. ವಾಂಗಿಯೆಂದರೆ ಬದನೆ. ಅಷ್ಟಕ್ಕೇ ನಮ್ಮವರು ಪನವೇಲ್‌ವರೆಗೆ ಆಕೆಯೊಡನೆ ಮಾತು ಬಿಟ್ಟರು. ಮಟ್ಟುವಿನ ಮನುಷ್ಯರಿಗೆ ನೀವು ಏನು ಬೇಕಾದರೂ ಹೇಳಬಹುದು, ಗುಳ್ಳವನ್ನು ಬದನೆ ಎನ್ನಬಾರದು. ಮೂರನೆಯ ದಿನ ಮಂಜು ಕವಿದು ರೈಲು ಐದು ಗಂಟೆ ತಡವಾಯಿತು. ಇಳಿದಾಗ ಹಲ್ಲು ಕಟಕಟ ಎನ್ನುವ ಚಳಿ. ಅಷ್ಟು ಹೊತ್ತಿಗೆ ಪ್ರದೀಪ ಡ್ಯೂಟಿಗೆ ಹೋಗಿಯಾಗಿತ್ತು.

ನಿಲ್ದಾಣದಿಂದ ವಾಯುನೆಲೆಗೆ ಹನ್ನೆರಡು ಕಿಲೋಮೀಟರು, ಇಕ್ಕೆಲದಲ್ಲೂ ಗೋಧಿ ಗದ್ದೆ. ನಮ್ಮವರು ಮಂಕಿ ಟೋಪಿ ಹಾಕಿ, ಮೇಲೆ ಮಫ್ಲರ್ ಸುತ್ತಿಕೊಂಡಿದ್ದರು. ಮುಖದಲ್ಲಿ ಹೊರಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಗಡಿಯ ವಾಯುನೆಲೆಗೆ ಹಾಗೆ ಹೋಗಬಾರದೆಂದು ನಮಗೆ ಯಾರೂ ಹೇಳಿರಲಿಲ್ಲ.

ಗೇಟಿನ ಕಾವಲಿನವನು ಚೀಲ ತೋರಿಸಿ, "ಇಸ್ ಮೇ ಕ್ಯಾ ಹೈ?" ಎಂದ.

ನಮ್ಮವರು ಹನ್ನೆರಡು ವರ್ಷ ಬಾಂಬೆಯ ಹೋಟೆಲಿನಲ್ಲಿದ್ದವರು. ಎದೆಯುಬ್ಬಿಸಿ, "ಗುಳ್ಳ ಹೈ. ಚಾಲೀಸ್ ಗುಳ್ಳ" ಎಂದರು.

ಕಾವಲಿನವನು ಒಂದು ಹೆಜ್ಜೆ ಹಿಂದೆ ಸರಿದ. "ಗೋಲಾ?"

"ಹಾಂ, ಗುಳ್ಳ. ಏಕ್‌ದಮ್ ಅಸಲಿ!"

ಹಿಂದಿಯಲ್ಲಿ ಗೋಲಾ ಎಂದರೆ ಫಿರಂಗಿಯ ಗುಂಡು ಎಂದು ನನಗೆ ತಿಳಿದದ್ದು ಆಮೇಲೆ. ಅಷ್ಟರಲ್ಲಿ ಸೀಟಿ ಊದಿ, ನಮ್ಮನ್ನು ಗೋಡೆಗೆ ಒರಗಿಸಿ, ಒಂದು ನಾಯಿಯನ್ನು ಕರೆತಂದಾಗಿತ್ತು. ಅದು ಚೀಲವನ್ನು ಮೂಸಿ, ಅದರ ಮುಂದೆ ಗಟ್ಟಿಯಾಗಿ ಕೂತುಬಿಟ್ಟಿತು. ಸ್ಫೋಟಕ ಸಿಕ್ಕಿದರೆ ಕೂರಬೇಕೆಂದು ಅದಕ್ಕೆ ತರಬೇತಿಯಂತೆ. ಪಾಪ, ಅದು ಕೂತದ್ದು ಚೀಲದ ಅಡಿಯಲ್ಲಿ ನಮ್ಮವರು ನನಗೂ ಹೇಳದೆ ಅಡಗಿಸಿದ್ದ ಒಣ ಸಿಗಡಿ ಚಟ್ನಿಗೆ. ಕೂತದ್ದೇ ತಡ, ಇದ್ದವರೆಲ್ಲ ನಮ್ಮನ್ನೂ ಎಳೆದುಕೊಂಡು ಮೂವತ್ತು ಹೆಜ್ಜೆ ದೂರ ಓಡಿದರು.

ಬಿಳಿ ಗಡ್ಡದ ಸರ್ದಾರ್ಜಿ ಅಧಿಕಾರಿಯೊಬ್ಬರು ಬಂದು ಏನೋ ಹೇಳಿದರು. ನಮ್ಮವರು ನನ್ನ ತೋಳು ಹಿಡಿದುಕೊಂಡರು.

"ಎಂತ ಹೇಳಿದರು?" ಎಂದೆ.

"ಚೀಲವನ್ನು ಗುಂಡಿಗೆ ಹಾಕಿ ಸಿಡಿಸ್ತಾರಂತೆ ಮಾರಾಯ್ತಿ."

"ಬದನೆಗೆ ಹಿಂದಿಯಲ್ಲಿ ಎಂತ ಹೇಳುವುದು?"

"ಬೈಂಗನ್."

"ಮತ್ತೆಂತ, ಅವರಿಗೆ ಹೇಳಿ ಅದನ್ನು!"

"ಇದು ಬೈಂಗನ್ ಅಲ್ವಲ್ಲ."

ನನಗೆ ನಖಶಿಖಾಂತ ಉರಿಯಿತು. "ಅಲ್ಲಿ ಒಳಗೆ ನಿಮ್ಮ ಮಗಳು ನೀರು ಕುಡಿದರೂ ವಾಂತಿ ಮಾಡ್ತಾ ಇದ್ದಾಳೆ. ನಿಮಗೆ ಅವಳು ಬೇಕಾ, ಗುಳ್ಳದ ಮರ್ಯಾದೆ ಬೇಕಾ?"

ಅವರು ಮಂಕಿ ಟೋಪಿ ತೆಗೆದರು. ತಲೆ ತಗ್ಗಿಸಿ, ತಪ್ಪೊಪ್ಪಿಕೊಳ್ಳುವವರಂತೆ, "ಸಾಬ್, ಬೈಂಗನ್ ಹೈ. ಖಾಲಿ ಬೈಂಗನ್" ಎಂದರು.

ಮತ್ತೆ ಒಂದು ಗಂಟೆ ತಪಾಸಣೆ ನಡೆಯಿತು. ಐದು ಗುಳ್ಳ ಕೊಯ್ದು ನೋಡಿದರು. ಕೊಯ್ದದ್ದು ಕಪ್ಪಾಗುತ್ತದೆಂದು ನಾನು ಕೈಸನ್ನೆ ಮಾಡಿ ನೀರು ಬೇಡಿದೆ. ಆ ಕಾವಲಿನವನೇ ಓಡಿಹೋಗಿ ಬಕೆಟಿನಲ್ಲಿ ತಂದುಕೊಟ್ಟ. ಸರ್ದಾರ್ಜಿ ನಗುತ್ತ, ಪಂಜಾಬಿನಲ್ಲಿ ಬೈಂಗನ್ ಸಿಗುವುದಿಲ್ಲವೇ ಎಂದು ಕೇಳಿದರಂತೆ. ನಮ್ಮವರು ಅದನ್ನೂ ನುಂಗಿಕೊಂಡರು.

ಸಂಜೆ ಮಗಳ ಮನೆಯಲ್ಲಿ ಸಾಂಬಾರಾಯಿತು. ಸುಪ್ರೀತಾ ತುತ್ತೆತ್ತುವಾಗ ಪ್ರದೀಪನೂ ಸೇರಿ ನಾವು ಮೂವರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ಅವಳು ಬಚ್ಚಲಿಗೆ ಓಡಲಿಲ್ಲ. "ಇನ್ನೂ ಉಂಟಾ ಅಮ್ಮ?" ಎಂದಳು. ನಾನು ಒಲೆಯ ಕಡೆ ತಿರುಗಿ ಅತ್ತುಬಿಟ್ಟೆ.

ಮರುದಿನ ಪ್ರದೀಪ ಹೊರಗಿನ ರಸ್ತೆಯಲ್ಲಿ ಸುತ್ತಾಡಿಸಿದ. ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಗೋಧಿ ಗದ್ದೆಯ ನಡುವೆ ಹಾಕಿಸಿದ ರನ್‌ವೇ ಇದಂತೆ. ಅರವತ್ತೈದರ ಯುದ್ಧದಲ್ಲಿ ಬಾಂಬು ಬಿದ್ದಾಗ ಸುತ್ತಲಿನ ಹಳ್ಳಿಯವರು ಮಣ್ಣು ಹೊತ್ತು ತಂದು ಹೊಂಡ ಮುಚ್ಚಿದರಂತೆ. ಎಪ್ಪತ್ತೊಂದರಲ್ಲೂ ಇಲ್ಲಿಂದ ಹಗಲಿರುಳು ವಿಮಾನ ಹಾರಿತ್ತಂತೆ. ಈಗಲೂ ಸೈರನ್ ಕೇಳಿದರೆ ಕೆಲವೇ ನಿಮಿಷಗಳಲ್ಲಿ ವಿಮಾನ ಮೇಲೇಳಬೇಕು. ಹಿಮಬೆಟ್ಟದ ಸೈನಿಕರ ಚೌಕಿಗಳಿಗೆ ಸೀಮೆಎಣ್ಣೆ, ಮೊಟ್ಟೆ, ತರಕಾರಿ ಹೋಗುವುದೂ ಇಲ್ಲಿಂದಲೇ.

"ಗೇಟಿನವರು ನಿನ್ನೆ ನಂಬದೆ ಇದ್ದದ್ದು ಸರಿಯೇ ಮಾವ. ಇಲ್ಲಿ ನಂಬಿ ಕೆಟ್ಟವರ ಕತೆ ಬೇಕಾದಷ್ಟು ಉಂಟು" ಎಂದ.

ನಮ್ಮವರು, "ತರಕಾರಿ ಅಂದರೆ ಬದನೆಯೂ ಹೋಗ್ತದಾ?" ಎಂದು ಕೇಳಿದರು.

"ಬದನೆ ಹೋಗ್ತದೆ ಮಾವ. ಗುಳ್ಳ ಹೋಗುವುದಿಲ್ಲ."

ಅಂದಿನಿಂದ ಅಳಿಯನೆಂದರೆ ಅವರಿಗೆ ಪಂಚಪ್ರಾಣ.

ಎಂಟನೆಯ ದಿನ ಹೊರಟೆವು. ನಾನು ಅಳುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ, ಅಳಲೂ ಇಲ್ಲ. ಅತ್ತದ್ದು ನಮ್ಮವರು. ಆಟೋ ಹೊರಡುವಾಗ ತಲೆಯ ಮೇಲೆ ವಿಮಾನವೊಂದು ಗುಡುಗುತ್ತ ಎದ್ದಿತು. ಅವರು ಹೊರಗೆ ಬಾಗಿ ಮಗಳಿಗೆ ಏನೋ ಕೂಗುತ್ತಲೇ ಇದ್ದರು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ, ಅವಳಿಗೆ ಕೇಳುವುದು ಹೇಗೆ? ಆದರೂ ಅವಳು ಗೇಟಿನ ಆಚೆಯಿಂದ ಐದೂ ಬೆರಳು ಕೂಡಿಸಿ ತುತ್ತಿನಂತೆ ಬಾಯಿಗೆ ಒಯ್ದು ತೋರಿಸಿ, ಹೂಂ ಹೂಂ ಎಂದು ತಲೆಯಾಡಿಸಿದಳು.