ಗೋಡೆಯಾಚೆಯ ಗಂಜಿ

ಬದಿಯಡ್ಕದಲ್ಲಿ ನಾನು ಮೇಷ್ಟ್ರಾಗಿದ್ದಾಗ ಪಕ್ಕದ ಬಾಡಿಗೆ ಕೋಣೆಯಲ್ಲಿ ಒಬ್ಬ ಜೀಪು ಡ್ರೈವರ್ ಇದ್ದ. ಕೊಂಕಣಿ ಮಾತಾಡುವ ಕ್ರಿಸ್ತುವರವನು, ಒಂಟಿ ಜೀವ. ಸಂಜೆ ಬಂದವನೇ ಕುಚ್ಚಲಕ್ಕಿ ಗಂಜಿ ಬೇಯಿಸಿ, ಒಣಮೀನಿನ ಚಟ್ನಿ ಅರೆದು, ಸೌಟಿನಿಂದ ಗೋಡೆ ತಟ್ಟುತ್ತಿದ್ದ: "ಮಾಷ್ಟ್ರೇ, ಗಂಜಿ ಉಂಟು, ಬನ್ನಿ."

ಒಮ್ಮೆ ನಾನು ಮದುವೆಯೂಟ ಮುಗಿಸಿ ಬಂದಿದ್ದೆ. "ಹೊಟ್ಟೆಯಲ್ಲಿ ಜಾಗ ಇಲ್ಲ ಮಾರಾಯ," ಎಂದೆ.

ಅವನು ಬಾಗಿಲಿಗೇ ಬಂದ. "ನೀವು ಉಣ್ಣುವುದು ಬೇಡ. ಬಂದು 'ಇನ್ನು ಉಣ್ಣು' ಅಂತ ಹೇಳಿ, ಸಾಕು. ಅಮ್ಮ ಇದ್ದಾಗ ಅವರು ಹಾಗೆ ಹೇಳದೆ ನಮ್ಮಲ್ಲಿ ಯಾರೂ ಬಟ್ಟಲು ಮುಟ್ಟುತ್ತಿರಲಿಲ್ಲ. ನನಗೆ ನಾನೇ ಹೇಳಿಕೊಂಡರೆ ಗಂಜಿ ಇಳಿಯುವುದಿಲ್ಲ."

ಹೋಗಿ ಎದುರು ಕೂತೆ. ಅವನು ಶಿಲುಬೆಯ ಗುರುತು ಮಾಡಿ ತಲೆ ತಗ್ಗಿಸಿ ಕಾದ.

"ಇನ್ನು ಉಣ್ಣು," ಎಂದೆ.

ಎರಡು ತುತ್ತು ಉಂಡು, ತಲೆ ಎತ್ತದೆಯೇ ಹೇಳಿದ: "ಉಪ್ಪು ಸಾಕಾ ಅಂತಲೂ ಕೇಳಿ."