ಸಡಿಲಿಸದ ಕಟ್ಟು

ಗಾಜಿನಂಗಡಿಯಲ್ಲಿ ಅವಳದು ಅಂಚು ಉಜ್ಜುವ ಕೆಲಸ. ಆಗಷ್ಟೇ ಕತ್ತರಿಸಿದ ಗಾಜಿನ ಅಂಚು ಚಾಕುವಿಗಿಂತ ಹರಿತ. ಅದನ್ನು ನೀರು ಹನಿಸುತ್ತ ತಿರುಗುವ ಕಲ್ಲಿಗೆ ಹಿಡಿದು, ಮಗುವಿನ ಕೆನ್ನೆ ತಗುಲಿದರೂ ಗೀರದಷ್ಟು ನಯ ಮಾಡಿ ಕೊಡಬೇಕು. ಬೆಳಗಿನಿಂದ ಸಂಜೆಯವರೆಗೆ ಒದ್ದೆ ಕೈ, ಕಿವಿಯ ತುಂಬ ಕಿರ್ರೆನ್ನುವ ಸದ್ದು. ಬೆರಳ ತುದಿಗಳು ಸವೆದು ಗುರುತೇ ಮೂಡದೆ, ಬಸ್ಸಿನ ಪಾಸಿಗೆ ಹೆಬ್ಬೆರಳು ಒತ್ತಿಸಿಕೊಳ್ಳುವವನು ಪ್ರತಿ ಸಲವೂ ಗೊಣಗುತ್ತಿದ್ದ.

ಅದೇ ಅಂಗಡಿಯಲ್ಲಿ ಅವಳ ಗಂಡ ಮತ್ತು ತಮ್ಮ ಗಾಜು ಹೊರುವವರು. ದೊಡ್ಡ ಹಾಳೆಯನ್ನು ಒಬ್ಬರೇ ಎತ್ತುವ ಮಾತಿಲ್ಲ. ಇಬ್ಬರು ಬೇಕು, ಅದೂ ಹೆಜ್ಜೆಗೆ ಹೆಜ್ಜೆ ಕೂಡುವ ಇಬ್ಬರು. ಮುಂದೆ ಭಾವ, ಹಿಂದೆ ಬಾಮೈದ. ಇಕ್ಕಟ್ಟಾದ ಮೆಟ್ಟಿಲ ತಿರುವಿನಲ್ಲೂ ಇಬ್ಬರ ನಡುವೆ ಮಾತು ಬೇಕಾಗುತ್ತಿರಲಿಲ್ಲ. ಭಾವ ಗಂಟಲು ಸರಿಮಾಡಿಕೊಂಡರೆ ಬಲಕ್ಕೆ, ಸುಮ್ಮನಿದ್ದರೆ ನೇರಕ್ಕೆ. ಅವಳನ್ನು ಆಡಿಕೊಳ್ಳುವುದರಲ್ಲೂ ಇಬ್ಬರದು ಎತ್ತಿದ ಕೈ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ತಮ್ಮ ಪಿಸುಗುಟ್ಟುತ್ತಿದ್ದ: "ಭಾವ, ಅಕ್ಕ ಉಪ್ಪು ಹಾಕೋದು ಮರೆತಿದ್ದಾಳೆ. ನೀವೇ ಹೇಳಿ."

"ನೀನೇ ಹೇಳೋ. ನಾನಿನ್ನೂ ಬಾಳಿ ಬದುಕಬೇಕು."

ಅವಳು ಕೇಳಿಸಿದರೂ ಕೇಳಿಸದವಳಂತೆ ಉಪ್ಪಿನ ಪೊಟ್ಟಣ ಅವರ ಮುಂದೆ ಎಸೆಯುತ್ತಿದ್ದಳು. ಆ ಊಟದ ಹೊತ್ತು ಅವಳ ಬದುಕಿನ ಸುಖದ ಹೊತ್ತು ಎಂದು ಆಗ ಅವಳಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ, ಬಿಡಿ.

ಗಾಜಿನವರಿಗೆ ಒಂದು ಅಭ್ಯಾಸವಿದೆ. ಕೈ ಕೊಯ್ದುಕೊಂಡರೆ ಬೇರೆಯವರಂತೆ ಗಾಯ ಒತ್ತಿ ಹಿಡಿಯುವುದಿಲ್ಲ. ಒಳಗೆ ಚೂರು ಉಳಿದಿದ್ದರೆ ಒತ್ತಿದಷ್ಟೂ ಮಾಂಸಕ್ಕೆ ಇಳಿಯುತ್ತದೆಂಬ ಭಯ. ಮೊದಲು ನಲ್ಲಿಯ ಕೆಳಗೆ ಹಿಡಿ, ಚೂರು ಹುಡುಕಿ ತೆಗೆ, ಆಮೇಲೆ ಪಟ್ಟಿ ಸುತ್ತು. ಬೆರಳಿನ ಗಾಯಕ್ಕೆ ಇದು ಸರಿಯೇ. ದಿನಕ್ಕೊಂದು ಬೆರಳು ಕೊಯ್ಯುವ ಕಡೆ ದೊಡ್ಡ ಗಾಯದ ಬಗ್ಗೆ ಯೋಚಿಸಲು ಯಾರಿಗೆ ಪುರಸೊತ್ತು?

ದೊಡ್ಡ ಗಾಯ ಬಂದಿತು. ಒಂದು ಅಂಗಡಿಯ ಮುಂಬಾಗಿಲಿಗೆಂದು ತರಿಸಿದ್ದ ಹಾಳೆಯನ್ನು ಇಬ್ಬರೂ ಸ್ಟ್ಯಾಂಡಿನಿಂದ ಇಳಿಸುವಾಗ ಮೇಲಿನ ಮೂಲೆ ಬಿರುಕುಬಿಟ್ಟು, ಅಂಗೈ ಅಗಲದ ತುಂಡು ಗಂಡನ ಬಲಗೈಯ ಮೊಣಕೈ ಮಡಿಕೆಗೆ ಬಿದ್ದಿತು. ಒಂದೇ ಏಟಿಗೆ ರಕ್ತ ಎದುರಿನ ಗೋಡೆಗೆ ಚಿಮ್ಮಿತು. ತಮ್ಮ ಅಭ್ಯಾಸದಂತೆ ಅವನನ್ನು ನಲ್ಲಿಯ ಹತ್ತಿರ ಎಳೆದೊಯ್ದ. "ಚೂರಿದೆ, ಒತ್ತಬೇಡಿ! ಯಾರೂ ಒತ್ತಬೇಡಿ!" ಎಂದು ಕೂಗುತ್ತ ನೀರು ಬಿಟ್ಟು ಹುಡುಕತೊಡಗಿದ. ಅಂಗಡಿಯ ಯಜಮಾನರು ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದರು. ಮಿಕ್ಕವರಿಗೆ ಕೈಕಾಲೇ ಆಡಲಿಲ್ಲ.

ಮದುವೆಗೆ ಮುಂಚೆ ಅವಳು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಳು. ಅಲ್ಲೊಮ್ಮೆ ಪ್ರಥಮ ಚಿಕಿತ್ಸೆಯ ಪಾಠ ಮಾಡಿಸಿದ್ದರು. ಪಕ್ಕದವಳ ಜೊತೆ ಕಿಸಿಕಿಸಿ ನಗುತ್ತ ಕೂತಿದ್ದ ಅವಳ ತಲೆಯಲ್ಲಿ ಉಳಿದದ್ದು ಇಷ್ಟು: ಕೈಕಾಲಿನಿಂದ ರಕ್ತ ಚಿಮ್ಮಿ ನಿಲ್ಲದಿದ್ದರೆ ಗಾಯದ ಮೇಲ್ಗಡೆ ಅಗಲವಾದ ಪಟ್ಟಿ ಕಟ್ಟಬೇಕು, ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೂ ತಿರುಚಬೇಕು, ಆಮೇಲೆ ಡಾಕ್ಟರಲ್ಲದೆ ಬೇರಾರೂ ಅದನ್ನು ಮುಟ್ಟಬಾರದು. ಅವಳು ತಮ್ಮನನ್ನು ಪಕ್ಕಕ್ಕೆ ತಳ್ಳಿ, ತನ್ನ ಏಪ್ರನ್ನಿನ ಪಟ್ಟಿ ಕಿತ್ತು ಗಂಡನ ತೋಳಿಗೆ ಸುತ್ತಿದಳು. ಬ್ರಷ್ಷಿನ ಮರದ ಹಿಡಿ ಸಿಕ್ಕಿಸಿ ತಿರುಗಿಸಿದಳು. ರಕ್ತ ನಿಧಾನವಾಯಿತು. ಇನ್ನೊಂದು ಸುತ್ತು ತಿರುಗಿಸಿದಾಗ ನಿಂತಿತು.

ನಿಂತದ್ದು ರಕ್ತ ಮಾತ್ರ. ನೋವು ಅಲ್ಲಿಂದ ಶುರುವಾಯಿತು. ಗಟ್ಟಿ ಆಳು, ಹಲ್ಲುನೋವಿಗೂ ತುಟಿ ಬಿಚ್ಚದವನು, ಮಗುವಿನಂತೆ ಅತ್ತ. "ಸಡಿಲಿಸೇ... ಸ್ವಲ್ಪ ಸಡಿಲಿಸು. ನಿನ್ನ ಕಾಲಿಗೆ ಬೀಳ್ತೀನಿ ಕಣೇ." ತಮ್ಮನೂ ಅಳುತ್ತ, "ಅಕ್ಕ, ಒಂದ್ನಿಮಿಷ ಬಿಡು, ನೋವಿಗೇ ಸಾಯ್ತಾರೆ" ಎಂದ. ಅವಳು ಬಿಡಲಿಲ್ಲ. ಆಂಬುಲೆನ್ಸ್ ಎಲ್ಲೋ ವಾಹನಗಳ ನಡುವೆ ಸಿಕ್ಕಿಕೊಂಡು ಬಹಳ ತಡವಾಗಿ ಬಂದಿತು. ಅಲ್ಲಿಯವರೆಗೂ ಗಂಡನ ಮುಖ ನೋಡದೆ, ಮರದ ಹಿಡಿಯೊಂದನ್ನೇ ನೋಡುತ್ತ ಕೂತಿದ್ದಳು. ಅವನು ಸಂಕಟಕ್ಕೆ ಅವಳ ಹೆಗಲನ್ನೇ ಕಚ್ಚಿಬಿಟ್ಟ.

ಜೀವ ಉಳಿಯಿತು, ಕೈ ಉಳಿಯಲಿಲ್ಲ. ಗಾಜು ರಕ್ತನಾಳ, ನರ ಎಲ್ಲವನ್ನೂ ಕತ್ತರಿಸಿಹಾಕಿತ್ತು. ಜೋಡಿಸಲು ನೋಡಿ, ಆಗದೆ, ಮೊಣಕೈಯಿಂದ ಕೆಳಗೆ ತೆಗೆದರು. "ಕೈ ಹೋಗಿದ್ದು ಗಾಜಿನಿಂದ, ನಿಮ್ಮ ಕಟ್ಟಿನಿಂದಲ್ಲಮ್ಮ. ಆ ಕಟ್ಟಿಲ್ಲದಿದ್ರೆ ಇವರನ್ನ ಇಲ್ಲಿವರೆಗೆ ತರೋಕೇ ಆಗ್ತಿರಲಿಲ್ಲ" ಎಂದು ಡಾಕ್ಟರು ಗಂಡನ ಎದುರಿಗೇ ಹೇಳಿದರು. ಅವನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗಾಜು ಬಿದ್ದದ್ದು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಬೇಡಿಕೊಂಡದ್ದು ಮಾತ್ರ ಅಕ್ಷರಶಃ ನೆನಪಿತ್ತು. ನೆಂಟರೂ ತಮ್ಮ ಪಾಲಿನ ಉಪಕಾರ ಮಾಡಿದರು: ಅಷ್ಟು ಬಿಗಿಯಬಾರದಿತ್ತು, ಹೆಂಗಸಿಗೆ ಏನು ತಿಳಿಯುತ್ತೆ ಪಾಪ, ಎಂದು ಅವಳ ಬೆನ್ನ ಹಿಂದೆ ಆಡಿಕೊಂಡರು. ಅವಳು ಮಾಡಿ ಕೊಟ್ಟ ಟೀ ಕುಡಿದೇ ಆಡಿಕೊಂಡರು.

ಒಮ್ಮೆ ಅನ್ನ ಕಲಸಿಕೊಡಲು ಹೋದಾಗ ಗಂಡ ತಟ್ಟೆ ಸರಿಸಿದ. "ಅಷ್ಟು ಬೇಡಿಕೊಂಡೆ. ಕಲ್ಲಾದ್ರೂ ಕರಗ್ತಿತ್ತು."

"ಬದುಕಿದ್ದೀರಲ್ಲ ರೀ, ಅಷ್ಟು ಸಾಲದಾ?"

"ಇದನ್ನ ಬದುಕು ಅಂತೀಯಾ?"

ಅಲ್ಲಿಗೆ ಅವರ ನಡುವಿನ ಮಾತು ಮುಗಿಯಿತು. ಮಗಳ ಫೀಸು, ಗ್ಯಾಸು, ಬೀಗದಕೈ, ಇಷ್ಟರ ಮಾತು ನಡೆಯುತ್ತಿತ್ತು. ಯಜಮಾನರು ಒಳ್ಳೆಯವರು, ಅವನನ್ನು ಕೌಂಟರಿನಲ್ಲಿ ಫೋನ್ ತೆಗೆಯಲು ಕೂರಿಸಿದರು. ಒಳಗೆ ಹೆಂಡತಿ ಅಂಚು ಉಜ್ಜುತ್ತಿದ್ದಳು, ಹೊರಗೆ ಗಂಡ ಎಡಗೈಯಲ್ಲಿ ರಿಸೀವರ್ ಹಿಡಿದು ಅಳತೆ ಕೇಳುತ್ತಿದ್ದ. ಮನೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು, ಬೇರೆ ಬೇರೆ ಸೀಟಿನಲ್ಲಿ ಕೂತು. ಅವನು ಒಮ್ಮೆ, ಸಾಯುವ ಮುಂಚೆ ಒಂದೇ ಒಂದು ಸಲ, ನೀನು ಮಾಡಿದ್ದು ಸರಿ ಎಂದರೆ ಸಾಕಿತ್ತು ಅವಳಿಗೆ. ಆ ಆಸೆಯಲ್ಲೇ ವರ್ಷಗಳು ಕಳೆದವು.

ಯಜಮಾನರು ಕೇಳಿಕೊಂಡ ಮೇಲೆ ಅವಳು ಅಂಗಡಿಯ ಎಲ್ಲರಿಗೂ ಕಟ್ಟುವುದನ್ನು ಕಲಿಸಿದಳು. ತಮ್ಮನ ಕಾಲನ್ನೇ ಮೇಜಿನ ಮೇಲಿಟ್ಟು ತೋರಿಸುತ್ತಿದ್ದಳು. ಅವನೋ, "ಅಕ್ಕ, ಕೊಲ್ಬೇಡ, ನನಗಿನ್ನೂ ಮದುವೆ ಆಗಿಲ್ಲ" ಎಂದು ನಗಿಸುತ್ತಿದ್ದ. ಕೊನೆಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಅಳಲಿ, ಬೈಯಲಿ, ಕಾಲು ಹಿಡೀಲಿ. ಸಡಿಲಿಸಬೇಡಿ." ಆ ಹೊತ್ತಿಗೆ ಸರಿಯಾಗಿ ಗಂಡ ಕುರ್ಚಿ ಸರಿಸಿ ಎದ್ದು ಬೀದಿಗೆ ಹೋಗಿಬಿಡುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ಮಗಳ ಶಾಲೆಗೆ ಹೋಗಿದ್ದಳು. ಯಜಮಾನರೂ ಉಳಿದವರೂ ಗಾಜು ಕೂರಿಸಲು ಗಿರಾಕಿಯ ಮನೆಗೆ ಹೋಗಿದ್ದರು. ಅಂಗಡಿಯಲ್ಲಿ ಭಾವ, ಬಾಮೈದ ಇಬ್ಬರೇ. ಒಂದು ಕನ್ನಡಿಯನ್ನು ಒಳಕೋಣೆಗೆ ಸಾಗಿಸಬೇಕಿತ್ತು. "ತಡಿಯೋ, ಅವರು ಬರಲಿ" ಎಂದ ಭಾವ. "ಚಿಕ್ಕದು ಭಾವ, ನಾನೊಬ್ನೇ ಸಾಕು" ಎಂದು ತಮ್ಮ ಎತ್ತಿಕೊಂಡ. ಹೊಸ್ತಿಲಿಗೆ ಕಾಲು ತೊಡರಿತು. ಕನ್ನಡಿ ಅವನ ತೊಡೆಯ ಮೇಲೆ ಒಡೆಯಿತು.

ಅವಳಿಗೆ ಫೋನ್ ಬಂದು, ಓಡಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಮ್ಮನ ಮುಖಕ್ಕೆ ಬಟ್ಟೆ ಎಳೆದಿದ್ದರು. ಅವಳು ಬಟ್ಟೆ ಸರಿಸಿ ಅವನ ಕೆನ್ನೆ ಮುಟ್ಟಿದಳು. ತಾಯಿ ಹೋದ ಮೇಲೆ ಇವಳೇ ಕೈತುತ್ತು ಹಾಕಿ ಬೆಳೆಸಿದ ತಮ್ಮ. ಅವಳು ಅಂದು ಅತ್ತದ್ದನ್ನು ಬರೆಯಲು ನನ್ನಿಂದಾಗದು.

ಎಲ್ಲ ಕಾರ್ಯ ಮುಗಿದು ನೆಂಟರು ಚೆದುರಿದ ಮೇಲೆ, ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ ಅವಳ ಹತ್ತಿರ ಗಂಡ ಬಂದ. ಎದುರಿಗೆ ಕೂತ. ಅವಳ ಮುಖ ನೋಡಿ ಮಾತಾಡಿ ಎಷ್ಟೋ ಕಾಲವಾಗಿತ್ತು.

"ನಾನು ಅವನನ್ನ ನಲ್ಲಿ ಹತ್ರ ಎಳೀಲಿಲ್ಲ. ಕಟ್ಟಿದೆ. ಪಟ್ಟಿ ಒಂದು ತುದಿ ಹಲ್ಲಲ್ಲಿ ಕಚ್ಕೊಂಡು ಕಟ್ಟಿದೆ. ತಿರುಚಿದೆ. ನಿಂತಿತ್ತು ಕಣೇ, ರಕ್ತ ನಿಂತಿತ್ತು. ಆಂಬುಲೆನ್ಸಿಗೂ ಹೇಳಿದ್ದೆ."

ಅವಳು ತಲೆಯೆತ್ತಿದಳು.

"ಆಮೇಲೆ ಅವನು ಬೇಡಿಕೊಂಡ. ಭಾವ, ತಡ್ಕೊಳಕ್ಕಾಗ್ತಿಲ್ಲ, ಸ್ವಲ್ಪ ಸಡಿಲಿಸಿ ಅಂದ. ಆ ನೋವು ಏನು ಅಂತ ನನಗೆ ಗೊತ್ತಲ್ಲ. ಅದಕ್ಕೇ ಸಡಿಲಿಸಿದೆ. ಸ್ವಲ್ಪವೇ. ಮತ್ತೆ ಬಿಗಿಯೋಕೆ ಹೋದ್ರೆ ಆಗಲಿಲ್ಲ. ಎಲ್ಲ ಜಾರ್ತಿತ್ತು. ಇರೋದು ಒಂದು ಕೈ."

ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿದರು, ಮತ್ತೆ ಹೊರಟುಹೋದರು. ಹೇಳಬಹುದಾದ ಮಾತುಗಳು ಅವಳ ಬಾಯಿಯವರೆಗೂ ಬಂದವು. ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತುಗಳು, ಒಂದೊಂದೂ ಹರಿತ. ಅವಳು ಒಂದನ್ನೂ ಆಡಲಿಲ್ಲ.

"ನೀನು ಹೇಗೆ ತಡ್ಕೊಂಡೆ?" ಎಂದು ಕೇಳಿದ. "ನಾನು ಅಷ್ಟು ಅತ್ತೆನಲ್ಲ. ನೀನು ಹೇಗೆ ಬಿಡದೆ ಇದ್ದೆ?"

"ನೀವು ಬೇಕಾಗಿತ್ತು ನನಗೆ."

ಅವನು ತಲೆ ತಗ್ಗಿಸಿದ. ತನ್ನ ತಮ್ಮನೂ ಇವನಿಗೆ ಬೇಕಾಗಿದ್ದವನೇ ಎಂಬುದು ಅವಳಿಗೆ ಗೊತ್ತಿತ್ತು, ಅದಕ್ಕೇ ಎದೆ ಇನ್ನಷ್ಟು ಉರಿಯಿತು. ಕೊನೆಗೆ ಕೇಳಿದಳು: "ಸಡಿಲಿಸಿದಾಗ ಅವನೇನಾದ್ರೂ ಅಂದ್ನಾ?"

ಗಂಡ ತಲೆಯೆತ್ತದೆ ಹೇಳಿದ.

"ಅಬ್ಬ, ಈಗ ಆರಾಮಾಯ್ತು ಭಾವ, ಅಂದ."