ಕಿವುಡರನ್ನು ಕೂಗಿ ಕರೆದವನು

ಸೇಡು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರಿಗೆ ಅದನ್ನು ತೀರಿಸಿಕೊಳ್ಳುವ ಅವಕಾಶವೇ ಸಿಕ್ಕಿರಲಿಕ್ಕಿಲ್ಲ ಎಂಬುದು ನನ್ನ ಅನುಮಾನ. ನನಗೆ ಸಿಕ್ಕಿತ್ತು, ತೊಂಬತ್ತರ ದಶಕದಲ್ಲಿ, ಜಯನಗರದ ಒಂದು ಸರ್ಕಾರಿ ಕಟ್ಟಡದಲ್ಲಿ. ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಪದ್ಮನಾಭನಗರದ ನಮ್ಮ ಬಾಡಿಗೆ ಮನೆಯಲ್ಲಿ ಮಾತೆಲ್ಲ ಕೈಯಲ್ಲೇ ನಡೆಯುತ್ತಿತ್ತು. ಜಗಳವೂ ಅಷ್ಟೇ. ಸೋಲುತ್ತೇನೆ ಅನ್ನಿಸಿದಾಗ ನಾನು ಅವಳ ಎರಡೂ ಕೈ ಹಿಡಿದುಬಿಡುತ್ತಿದ್ದೆ, ಅಮ್ಮ ಬಂದು ಬಿಡಿಸುತ್ತಿದ್ದಳು. ಅಕ್ಕ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದಳು. ಒಂದು ಕಚೇರಿಯಲ್ಲಿ ಅಂಗವಿಕಲರ ಕೋಟಾದ ಟೈಪಿಸ್ಟ್ ಕೆಲಸ ಅವಳಿಗೆ ಸಿಕ್ಕಂತೆಯೇ ಇತ್ತು. ಕಿವಿ ಕೇಳುವುದಿಲ್ಲ ಎಂಬ ಡಾಕ್ಟರ ಸರ್ಟಿಫಿಕೇಟ್ ಒಂದು ಆಗಬೇಕಿತ್ತು.

ಅದನ್ನು ಕೊಡುವ ಶಿಬಿರಕ್ಕೆ ಅಮ್ಮ ಅವಳನ್ನು ಕರೆದುಕೊಂಡು ಹೋದಳು. ಪರೀಕ್ಷೆಗೆ ಬಂದವರು ಹಾಲ್‌ನ ಒಳಗೆ, ಜೊತೆಗೆ ಬಂದವರು ಹೊರಗೆ. ಇದು ಅಲ್ಲಿದ್ದ ಗುಮಾಸ್ತನ ನಿಯಮ. ಒಳಗೆ ಕೂತವರೆಲ್ಲ ಕಿವುಡರು. ಗುಮಾಸ್ತ ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು, ತಲೆ ಬಗ್ಗಿಸಿಕೊಂಡು, ಒಬ್ಬೊಬ್ಬರ ಹೆಸರನ್ನೂ ಬಾಯಲ್ಲಿ ಕೂಗಿದ. ಮುಖ ಎತ್ತಿದ್ದರೆ ತುಟಿ ನೋಡಿಯಾದರೂ ಅವರಿಗೆ ತಿಳಿಯುತ್ತಿತ್ತು. ಅಲ್ಪಸ್ವಲ್ಪ ಕೇಳಿಸುವ ಕೆಲವರು ಎದ್ದು ಹೋದರು. ಉಳಿದವರನ್ನೆಲ್ಲ ಗೈರುಹಾಜರು ಎಂದು ಬರೆದುಕೊಂಡ. ಅಕ್ಕ ಮುಂದಿನ ಸಾಲಿನಲ್ಲಿ, ಅವನ ಕಣ್ಣೆದುರಿಗೇ, ಊಟದ ಹೊತ್ತಿನವರೆಗೂ ಕೂತಿದ್ದಳು.

ಅಮ್ಮ ಅವನ ಕಾಲಿಗೆ ಬೀಳುವುದೊಂದು ಬಾಕಿ. ಕರೆದಾಗ ಬರದವರು ಮುಂದಿನ ವರ್ಷದ ಶಿಬಿರಕ್ಕೆ ಬರಬೇಕು ಎಂದನಂತೆ. ಟೈಪಿಸ್ಟ್ ಕೆಲಸ ಬೇರೆಯವರ ಪಾಲಾಯಿತು. ಅಕ್ಕ ವಾರಗಟ್ಟಲೆ ಯಾರೊಂದಿಗೂ ಕೈ ಆಡಿಸಲಿಲ್ಲ. ಅವಳ ಆ ಮೌನ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಗಂಟಲು ಕಟ್ಟಿಕೊಂಡು ಒದ್ದಾಡಲಿ ಎಂದು ಮನಸಾರೆ ಶಪಿಸಿದೆ.

ಮರುವರ್ಷ ಇನ್ನೊಂದು ಕಚೇರಿಯಲ್ಲಿ ಅಂಥದೇ ಜಾಗ ಖಾಲಿ ಬಿತ್ತು. ಈ ಸಲವೂ ಸರ್ಟಿಫಿಕೇಟ್ ತಪ್ಪಿದರೆ ಅಕ್ಕನ ವಯಸ್ಸು ಮೀರಿಹೋಗುತ್ತಿತ್ತು. ಸಂಜೆ ಹೊತ್ತು ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಅವಳ ಕಿವುಡ ಗೆಳೆಯರೆಲ್ಲ ಸೇರುತ್ತಿದ್ದರು. ಅಲ್ಲಿ ಟ್ಯೂಬ್‌ಲೈಟಿನ ಬೆಳಕು ಜೋರು, ಕೈಗಳು ಚೆನ್ನಾಗಿ ಕಾಣುತ್ತವೆ. ಅವರಲ್ಲಿ ಹೆಚ್ಚಿನವರು ಹೋದ ಸಲ 'ಗೈರುಹಾಜರಾದವರೇ'. ಮೇಲಿನವರಿಗೆ ದೂರು ಕೊಡೋಣ ಎಂದೆ ನಾನು. ಅಕ್ಕ ತಲೆ ಅಲ್ಲಾಡಿಸಿದಳು. ಅವನು ಕೂಗಲಿ, ಯಾರೂ ಏಳುವುದು ಬೇಡ ಎಂದಳು. ಎಲ್ಲರೂ ಒಪ್ಪಿದರು. ಹೆದರಿದವಳು ನಾನೊಬ್ಬಳೇ.

ಶಿಬಿರದ ದಿನ ನಾನು ಹೊರಗೆ ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಅದೇ ಗುಮಾಸ್ತ. ಒಂದು ಹೆಸರು ಕೂಗಿದ, ಯಾರೂ ಏಳಲಿಲ್ಲ. ಇನ್ನೊಂದು ಕೂಗಿದ. ಅಲ್ಪಸ್ವಲ್ಪ ಕೇಳಿಸುವವರೂ ಗೋಡೆ ನೋಡುತ್ತಾ ಕೂತರು. ಅವನು ಗಾಬರಿಯಾಗಿ ಈ ಸಲ ಮುಖ ಎತ್ತಿದ. ತುಟಿ ಸ್ಪಷ್ಟವಾಗಿ ಕಂಡಿತು, ಯಾರ ಹೆಸರೆಂದು ಅವರವರಿಗೆ ತಿಳಿಯಿತು, ಆದರೂ ಏಳಲಿಲ್ಲ. ಅಕ್ಕನ ಹೆಸರು ಬಂತು. ಅವಳು ಮುಡಿಯಲ್ಲಿದ್ದ ಹೂವು ಸರಿಮಾಡಿಕೊಂಡಳು. ಅವನು ಗಂಟಲು ಹರಿಯುವಂತೆ ಕಿರುಚತೊಡಗಿದ. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಕಿಟಕಿಯ ಹತ್ತಿರ ಬಂದ.

"ಮೇಡಂ, ನೀವು ಇವ್ರ ಕಡೆಯವ್ರಲ್ವಾ? ಸ್ವಲ್ಪ ಒಳಗೆ ಬಂದು ಹೇಳಿ."

"ಜೊತೇಲಿ ಬಂದವ್ರು ಹೊರಗೇ ಇರ್ಬೇಕು ಅಂತ ನೀವೇ ಹೇಳಿದ್ರಲ್ಲ ಸಾರ್," ಎಂದೆ. ಬದುಕಿನಲ್ಲಿ ಇಷ್ಟು ರುಚಿಯಾದ ಮಾತನ್ನು ನಾನು ಮತ್ತೆ ಆಡಿಲ್ಲ.

ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದರು. ಇಷ್ಟು ಹೊತ್ತಾದರೂ ಒಬ್ಬರನ್ನೂ ಯಾಕೆ ಕಳಿಸಿಲ್ಲ ಎಂದು ಕೇಳಿದರು. ಎಲ್ಲರೂ ಗೈರುಹಾಜರು ಎಂದ ಅವನು, ತುಂಬಿದ ಹಾಲ್‌ನ ನಡುವೆ ನಿಂತು. ಡಾಕ್ಟರು ಹಾಲ್ ಕಡೆಗೊಮ್ಮೆ, ಅವನ ಕಡೆಗೊಮ್ಮೆ ನೋಡಿದರು.

"ಕಿವಿ ಕೇಳಲ್ಲ ಅಂತ ತಾನೇ ಇವ್ರು ಬಂದಿರೋದು? ಯಾರನ್ರೀ ಕೂಗ್ತಾ ಇದೀರಾ?"

ಕಪ್ಪುಹಲಗೆ ಬಂತು, ಸೀಮೆಸುಣ್ಣ ಬಂತು. ಅವನು ಒಂದೊಂದೇ ಹೆಸರು ಬರೆದು ಪಕ್ಕಕ್ಕೆ ನಿಂತ. ಹೆಸರು ಕಂಡ ತಕ್ಷಣ ಒಬ್ಬೊಬ್ಬರೇ ಎದ್ದು ಒಳಗೆ ಹೋದರು. ಅಕ್ಕ ಮಾತ್ರ ಹಲಗೆಯ ಮೇಲೆ ತನ್ನ ಹೆಸರು ಬಂದ ಮೇಲೂ ಕೂತೇ ಇದ್ದಳು. ಅವನು ಹೆಸರನ್ನು ಬೆರಳಿನಿಂದ ತೋರಿಸಿದ. ಅವಳು ನೋಡಿದಳು. ಕೈ ಮುಗಿಯುವ ಹಾಗೆ ಮಾಡಿದ ಮೇಲೆ ಎದ್ದಳು. ಅಮ್ಮನಿಗೆ ಅದನ್ನು ತೋರಿಸಬೇಕಿತ್ತು ಅನ್ನಿಸಿತು ನನಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಸರ್ಟಿಫಿಕೇಟನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ನನ್ನ ಭುಜ ತಟ್ಟಿದಳು. ಅವನ ಬಾಯನ್ನೇನೋ ನಾನೂ ನೋಡಿದೆ, ದನಿ ಹೇಗಿತ್ತು ಎಂದು ಕೇಳಿದಳು. ನಾನು ಗಂಟಲಿನ ಮೇಲೆ ಉಗುರಿನಿಂದ ಕೆರೆದು, ಬಾಯಿ ತೆರೆದು, ಏನೂ ಹೊರಡದಂತೆ ಮಾಡಿ ತೋರಿಸಿದೆ. ಕೊನೆಕೊನೆಗೆ ದನಿ ಪೂರ್ತಿ ಒಡೆದುಹೋಗಿತ್ತು ಎಂದೆ.

ಅಕ್ಕ ಕಣ್ಣು ಅರಳಿಸಿಕೊಂಡು ನೋಡಿದಳು. ಇನ್ನೊಂದು ಸಲ ತೋರಿಸು ಎಂದಳು. ಮನೆ ಬರುವವರೆಗೂ ತೋರಿಸಿದೆ.